ನೀರು ತಿರುವುವ ಹೊತ್ತಿಗೆ ಗವಾ ಎದುರಾದರೆ

ಕಳೆದ ಕಾರ್ತಿಕದ ಒಂದು ರಾತ್ರಿ ನಾನು ಕಾಡಿನ ಗವಾ ಒಂದನ್ನು ನೆರೆಹೊಲದವರ ಎಮ್ಮೆಯೆಂದು ತಿಳಿದು ಅದರ ಕೊರಳ ಹಗ್ಗ ಹಿಡಿಯಲಿಕ್ಕೆ ಹೋದೆನು. ಇಷ್ಟು ವರ್ಷ ಮಕ್ಕಳಿಗೆ ಪ್ರಾಣಿಗಳ ಪಾಠ ಹೇಳಿದ ಮಾಸ್ತರನು ಹೀಗೆ ಮಾಡಿದನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇಂಥ ತಪ್ಪು ಯಾರಿಂದಲಾದರೂ ಆಗಬಹುದಾದದ್ದು. ಆದಕಾರಣ ನಡೆದದ್ದನ್ನು ನಡೆದ ಹಾಗೆ ಹೇಳಿ, ತರುವಾಯ ಈ ಪ್ರಾಣಿಗಳ ವಿಷಯವಾಗಿ ರೈತನಿಗೆ ಗೊತ್ತಿರಬೇಕಾದ ಕೆಲವು ಮಾತುಗಳನ್ನು ಬರೆಯುತ್ತೇನೆ.

ಕೋವಾಡದಲ್ಲಿ ತಾಮ್ರಪರ್ಣಿ ಹೊಳೆಯ ದಂಡೆಗೆ ನಮ್ಮದು ಎರಡೂವರೆ ಎಕರೆ ಕಬ್ಬು. ಆ ವಾರ ಪಂಪಿನ ಕರೆಂಟಿಗೆ ರಾತ್ರಿಯ ಪಾಳಿ ಇತ್ತು. ಮೋಟರು ಹಚ್ಚಿ, ಎರಡು ಗಂಟೆಯ ಸುಮಾರಿಗೆ ಸಲಿಕೆ ಹೆಗಲಿಗೆ ಹಾಕಿಕೊಂಡು ನೀರು ತಿರುವಲಿಕ್ಕೆ ಹೋದೆನು. ಬ್ಯಾಟರಿಯ ಬೆಳಕು ಮಂದವಾಗಿತ್ತು. ಕಾಲುವೆಯ ಹತ್ತರ ಬಂದಾಗ ದನದ ಕೊಟ್ಟಿಗೆಯಲ್ಲಿ ಬರುವಂಥ ವಾಸನೆ ಬಂದಿತು. ನೋಡಿದರೆ ಕಬ್ಬಿನ ಅಂಚಿಗೆ ಕರೀ ಮೈ ಒಂದು ನಿಂತಿದೆ, ಗರಿ ಮುರಿಯುವ ಸಪ್ಪಳ ಕೇಳುತ್ತದೆ. ನೆರೆಯವರ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ನನ್ನ ಕಬ್ಬು ಮೇಯುತ್ತಿದೆಯೆಂದು ನನಗೆ ಸಿಟ್ಟೇ ಬಂದಿತು. ‘ಹೋ, ಹೋ’ ಎನ್ನುತ್ತ ಹತ್ತಿಪ್ಪತ್ತು ಹೆಜ್ಜೆ ಹೋಗಿ, ನೆಲದ ಮೇಲೆ ಹಗ್ಗ ಜೋತಾಡುತ್ತಿದೆಯೋ ಎಂದು ಬೆಳಕನ್ನು ಕಾಲಿಗೆ ಬಿಟ್ಟೆನು. ಮೊಣಕಾಲಿನ ಕೆಳಗೆ ನಾಲ್ಕೂ ಕಾಲು ಬಿಳಿ ಕಾಲುಚೀಲ ತೊಟ್ಟಂತೆ ಇದ್ದವು.

ಯಾವ ಎಮ್ಮೆಗೂ ಅಂಥ ಕಾಲಿಲ್ಲ. ಬೆಳಕನ್ನು ಮೇಲಕ್ಕೆತ್ತಿದಾಗ ನನ್ನ ತಲೆಗೆ ಸರಿಸಮನಾಗಿ ಅದರ ಹಿಣಿಲು ಕಾಣಿಸಿತು. ಅದು ತಲೆ ತಗ್ಗಿಸಿ ಮೂಗಿನಿಂದ ಒಮ್ಮೆ ಉಸಿರು ಬಿಟ್ಟಿತು, ಸೈಕಲ್ಲಿನ ಟ್ಯೂಬಿನ ಗಾಳಿಯನ್ನು ಒಮ್ಮೆಲೇ ಬಿಟ್ಟಂತೆ. ಆಮೇಲೆ ಮೆಲ್ಲಗೆ ಅಡ್ಡ ತಿರುಗಿ ನಿಂತಿತು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಪಂಪಿನ ಕೋಣೆಯ ಕಡೆಯಿಂದ ನೆರೆಹೊಲದ ಕಾಕಾನ ದನಿ ಬಂದಿತು. ಅವನು ಕೂಗಲಿಲ್ಲ, ಮನೆಯಲ್ಲಿ ಕುಳಿತು ಮಾತಾಡಿದಂತೆ ಹೇಳಿದನು: ‘ಮಾಸ್ತರ್ರ, ಓಡಬ್ಯಾಡ್ರಿ. ಬ್ಯಾಟ್ರಿ ಕೆಳಗ ಹಿಡೀರಿ. ಹಿಂದ ಹಿಂದಕ ಬರ್ರಿ.’ ನಾನು ಹಿಂದಕ್ಕೆ ಸರಿಯುತ್ತ ಕಾಲುವೆಯಲ್ಲಿ ಮೊಣಕಾಲವರೆಗೆ ಬಿದ್ದೆನು. ಗವಾ ನನ್ನ ಮೇಲೆ ಬರಲೂ ಇಲ್ಲ, ಹೋಗಲೂ ಇಲ್ಲ. ಸಲಿಕೆ ಎಲ್ಲಿ ಹೋಯಿತೋ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಕಾಕಾ ಮತ್ತೆ ಅಂದನು: ‘ಅದರ ಹಾದಿ ನಿಮ್ಮ ಹಿಂದ ಐತ್ರಿ. ಎಡಕ ಸರೀರಿ, ಹಾದಿ ಬಿಡ್ರಿ ಅದಕ್ಕ.’ ನಾನು ಎಡಕ್ಕೆ ಸರಿದು ಬಾವಿಯ ಕಟ್ಟೆಯ ಮರೆಗೆ ಹೋದೆನು. ಆ ಪ್ರಾಣಿಯು ನಾನು ನಿಂತಿದ್ದ ಜಾಗದಿಂದಲೇ ನಡೆದು ಹೋಗಿ, ಎದೆಯೆತ್ತರದ ಕಲ್ಲಿನ ಒಡ್ಡನ್ನು ಆಡು ಹಾರಿದಷ್ಟು ಹಗುರಾಗಿ ಹಾರಿ ಕತ್ತಲಲ್ಲಿ ಮರೆಯಾಯಿತು.

ಮುಂಜಾನೆ ಎದ್ದು ಹೆಜ್ಜೆಗಳನ್ನು ನೋಡಿದೆವು. ಅವು ನನ್ನ ಅಂಗೈಗಿಂತ ಅಗಲವಾಗಿದ್ದವು. ಕಾಕಾ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಅದು ಒಡ್ಡನ್ನು ದಾಟಿ ಬಂದ ಹೆಜ್ಜೆ, ನಾನು ನಿಂತ ಹೆಜ್ಜೆ, ಅದು ತಿರುಗಿ ಹೋದ ಹೆಜ್ಜೆ, ಎಲ್ಲ ಒಂದೇ ಸಾಲಿನಲ್ಲಿದ್ದವು. ಅದು ನನ್ನನ್ನು ಹೆದರಿಸಲು ನಿಂತಿದ್ದಿಲ್ಲ, ನಾನೇ ಅದರ ಬಾಗಿಲಲ್ಲಿ ನಿಂತಿದ್ದೆನು. ಶಾಲೆಯ ಮುಖವನ್ನೇ ಕಾಣದ ಮುದುಕನಿಗೆ ತಿಳಿದ ಈ ಮಾತು ಟ್ರೇನಿಂಗ ಕಾಲೇಜಿನಲ್ಲಿ ಕಲಿತು ಬಂದ ನನಗೆ ಹೊಳೆದಿರಲಿಲ್ಲ.

ಗವಾ ಎಂದರೇನು?

ನಮ್ಮ ಚಂದಗಡ, ಆಜರಾ, ಗಡಹಿಂಗ್ಲಜ ಕಡೆಗೆ ಗವಾ ಎಂತಲೂ ಗವಾರೇಡಾ ಎಂತಲೂ ಅನ್ನುವ ಈ ಪ್ರಾಣಿಗೆ ಕನ್ನಡದಲ್ಲಿ ಕಾಡುಕೋಣ, ಕಾಡೆಮ್ಮೆ ಎಂಬ ಹೆಸರುಗಳಿವೆ. ಮಲೆನಾಡಿನವರು ಕಾಟಿ ಅನ್ನುವರು. ಇಂಗ್ಲಿಷ ಪುಸ್ತಕಗಳನ್ನು ನೋಡಿ ನಾವು ಇದಕ್ಕೆ ಬೈಸನ್ ಎಂದು ಕಲಿಸುತ್ತ ಬಂದೆವು. ಅದು ತಪ್ಪು. ಬೈಸನ್ ಎಂಬದು ಅಮೇರಿಕೆಯಲ್ಲಿಯೂ ಯುರೋಪದಲ್ಲಿಯೂ ಇರುವ ಬೇರೆ ಪ್ರಾಣಿ. ಗವಾ ಕೋಣವೂ ಅಲ್ಲ, ಎಮ್ಮೆಯೂ ಅಲ್ಲ. ಅದು ನಮ್ಮ ಆಕಳು-ಎತ್ತುಗಳ ಕುಲಕ್ಕೆ ಸೇರಿದ್ದು, ಆ ಕುಲದೊಳಗೆಲ್ಲ ದೊಡ್ಡದು. ಈಶಾನ್ಯ ಭಾರತದ ಗುಡ್ಡಗಾಡಿನ ಜನರು ಸಾಕುವ ಮಿಥುನ ಎಂಬ ದನವು ಇದೇ ವಂಶದ್ದು.

ಬೆಳೆದ ಗಂಡು ಗವಾ ಹೆಗಲಿನ ಹತ್ತರ ಐದೂವರೆಯಿಂದ ಆರು ಅಡಿ ಎತ್ತರ, ಕೆಲವು ಅದಕ್ಕೂ ಹೆಚ್ಚು. ತೂಕವು ಆರು ನೂರು ಕಿಲೋದಿಂದ ಒಂದು ಸಾವಿರ ಕಿಲೋದವರೆಗೆ, ಅಂದರೆ ಒಳ್ಳೆ ಎರಡು ಎತ್ತುಗಳ ತೂಕ. ಕೋಡು ಗಂಡಿಗೂ ಹೆಣ್ಣಿಗೂ ಇರುತ್ತವೆ. ಆದಕಾರಣ ಕೋಡು ನೋಡಿ ಗಂಡು ಹೆಣ್ಣು ಹೇಳಲಿಕ್ಕಾಗದು. ಬೆಳೆದ ಗಂಡು ಮಾತ್ರ ಹೆಚ್ಚು ಕಪ್ಪಾಗಿ, ಬೆನ್ನ ಮೇಲಿನ ದಿಂಡು ಎದ್ದು ಕಾಣುತ್ತದೆ. ಹೆಣ್ಣು ಮತ್ತು ಮರಿಗಳು ಕಂದು ಬಣ್ಣದವು. ಹೆಣ್ಣು ನಮ್ಮ ಆಕಳಿನ ಹಾಗೆಯೇ ಒಂಬತ್ತು ತಿಂಗಳು ಗಬ್ಬ ಧರಿಸಿ ಸಾಮಾನ್ಯವಾಗಿ ಒಂದೇ ಕರು ಹಾಕುತ್ತದೆ. ಹೆಣ್ಣುಗಳು, ಕರುಗಳು, ಎಳೆಯ ಹೋರಿಗಳು ಹಿಂಡಿನಲ್ಲಿ ತಿರುಗುತ್ತವೆ. ವಯಸ್ಸಾದ ಗಂಡು ಬಹುತರ ಒಂಟಿ. ಹೊಲದಲ್ಲಿ ರಾತ್ರಿ ನಮಗೆ ಸಿಗುವದು ಹೆಚ್ಚಾಗಿ ಈ ಒಂಟಿಗನೇ.

ಇದರ ಮೂಗು ಬಹಳ ಚುರುಕು, ಕಿವಿಯೂ ಚುರುಕು. ಕಣ್ಣು ಅಷ್ಟಕ್ಕಷ್ಟೇ. ಗಾಳಿಯು ನಮ್ಮಿಂದ ಅದರ ಕಡೆಗೆ ಬೀಸುತ್ತಿದ್ದರೆ ನಾವು ಬರುವ ಮೊದಲೇ ಅದು ಸರಿದು ಹೋಗಿರುತ್ತದೆ. ಗಾಳಿ ಎದುರಿನಿಂದ ಇದ್ದು, ಪಂಪಿನ ಸಪ್ಪಳವೋ ಹೊಳೆಯ ಸಪ್ಪಳವೋ ಇದ್ದರೆ, ಅದಕ್ಕೂ ನಮ್ಮ ಸುಳಿವು ಹತ್ತುವದಿಲ್ಲ. ನನಗೆ ಆದದ್ದು ಅದೇ. ನನ್ನ ಮೋಟರು ನನ್ನ ಹೆಜ್ಜೆಯ ಸಪ್ಪಳವನ್ನು ನುಂಗಿತ್ತು. ಎದುರುಬದುರಾದಾಗ ನನ್ನಷ್ಟೇ ಅದೂ ಬೆಚ್ಚಿತ್ತು.

ಇವು ಎಲ್ಲಿಂದ ಬಂದವು?

‘ಈ ಪ್ರಾಣಿಗಳನ್ನು ಸರಕಾರದವರು ತಂದು ಬಿಟ್ಟಿದ್ದಾರೆ’ ಎಂದು ಸಂತೆಯಲ್ಲಿ ಹೇಳುವವರಿದ್ದಾರೆ. ಗವಾದ ಮಟ್ಟಿಗೆ ಇದು ನಿಜವಲ್ಲ. ನಮ್ಮ ಪಶ್ಚಿಮಕ್ಕಿರುವ ಸಹ್ಯಾದ್ರಿಯು ಮೊದಲಿನಿಂದಲೂ ಗವಾದ ಮನೆ. ರಾಧಾನಗರಿಯ ಹತ್ತರದ ದಾಜೀಪುರವು ಕೊಲ್ಹಾಪುರದ ಛತ್ರಪತಿಗಳ ಬೇಟೆಯ ಕಾಡಾಗಿತ್ತು. ೧೯೫೮ರಲ್ಲಿ ಅದನ್ನು ಗವಾಗಳಿಗಾಗಿಯೇ ಅಭಯಾರಣ್ಯವೆಂದು ಸಾರಿದರು. ೧೯೮೫ರಲ್ಲಿ ಅದನ್ನು ಹಿಗ್ಗಿಸಿ ೩೫೧ ಚದರ ಕಿಲೋಮೀಟರ ಮಾಡಿದರು. ಅಲ್ಲಿಂದ ದಕ್ಷಿಣಕ್ಕೆ ಭುದರಗಡ, ಆಜರಾ, ಚಂದಗಡದ ಗುಡ್ಡಗಳು, ಆಚೆ ತಿಲಾರಿಯ ಕಣಿವೆ, ಅದರಾಚೆ ಖಾನಾಪುರದ ಭೀಮಗಡ, ದಾಂಡೇಲಿ. ನಕಾಶೆಯಲ್ಲಿ ಮೂರು ರಾಜ್ಯಗಳ ಗೆರೆಗಳಿದ್ದರೂ ಕಾಡು ಒಂದೇ ಸರಪಳಿ. ತಿಲಾರಿಯ ಕಾಡನ್ನು ೨೦೨೦ರಲ್ಲಿ ಸಂರಕ್ಷಣ ಮೀಸಲು ಎಂದು ಮಾಡಿದ್ದು, ಆ ತರುವಾಯ ಚಂದಗಡದ ಕಾಡನ್ನೂ ಹಾಗೆ ಮಾಡಿದ್ದು ಈ ಸರಪಳಿ ತುಂಡಾಗಬಾರದೆಂದು.

ಆನೆಯ ಸಂಗತಿ ಬೇರೆ. ನಮ್ಮ ಹಿರಿಯರು ಈ ಭಾಗದಲ್ಲಿ ಕಾಡಾನೆಯನ್ನು ಕಂಡವರಲ್ಲ. ೨೦೦೨ರಲ್ಲಿ ಕರ್ನಾಟಕದ ಕಡೆಯಿಂದ ಕೆಲವು ಆನೆಗಳು ತಿಲಾರಿಯ ಕಣಿವೆಗೆ ಇಳಿದು ಸಿಂಧುದುರ್ಗದ ದೋಡಾಮಾರ್ಗ ತಾಲೂಕನ್ನು ಸೇರಿದವು. ಮುಂದೆ ಕೆಲವೇ ವರ್ಷಗಳಲ್ಲಿ ಚಂದಗಡ, ಆಜರಾ ತಾಲೂಕುಗಳಲ್ಲಿಯೂ ತಿರುಗಹತ್ತಿದವು. ಬಂದವು ತಿರುಗಿ ಹೋಗಬಹುದೆಂದು ಎಲ್ಲರೂ ಕಾದರು. ಅಲ್ಲಿ ತೆಂಗು, ಬಾಳೆ, ಗೇರು. ಇಲ್ಲಿ ಭತ್ತ, ಕಬ್ಬು, ನಾಚಣಿ. ನಡುವೆ ಆಣೆಕಟ್ಟಿನ ನೀರು. ಹೋಗಲಿಕ್ಕೆ ಕಾರಣವೇನಿದೆ? ೨೦೧೫ರಲ್ಲಿ ಕುಡಾಳ ತಾಲೂಕಿನ ಮಾಣಗಾಂವ ಕಣಿವೆಯಲ್ಲಿ ಕರ್ನಾಟಕದ ಪಳಗಿದ ಆನೆಗಳನ್ನು ತರಿಸಿ ಮೂರು ಕಾಡಾನೆಗಳನ್ನು ಹಿಡಿದರು. ಆದರೂ ಆನೆಗಳ ಓಡಾಟ ನಿಲ್ಲಲಿಲ್ಲ. ೨೦೨೫ರ ಎಪ್ರಿಲದಲ್ಲಿ ದೋಡಾಮಾರ್ಗದ ಮೋರ್ಲೆ ಎಂಬ ಊರಲ್ಲಿ ಮುಂಜಾನೆ ಗೇರಿನ ತೋಟಕ್ಕೆ ಹೊರಟ ವೃದ್ಧ ರೈತರೊಬ್ಬರು ಆನೆಗೆ ಸಿಕ್ಕು ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರದಲ್ಲಿ ಎಳೆಯ ಸಲಗವೊಂದು ಗೋವೆಯ ಪೇಡಣೆ ತಾಲೂಕಿಗೂ ದಾಟಿತು. ಕರ್ನಾಟಕದ ಆನೆ ಮಹಾರಾಷ್ಟ್ರದ ಭತ್ತ ತಿಂದು ಗೋವೆಯ ನೀರು ಕುಡಿಯುತ್ತದೆ. ಗಡಿಯ ತಕರಾರು ಅದಕ್ಕೆ ಗೊತ್ತಿಲ್ಲ.

ಒಂದು ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು. ಕಾಡಿನಲ್ಲಿ ಇಷ್ಟನ್ನು ಕೂಡಿಸಲು ಅದು ಹಗಲಿರುಳಿನ ಬಹುಪಾಲು ವೇಳೆ ತಿರುಗಬೇಕಾಗುತ್ತದೆ. ಕಬ್ಬಿನ ಗದ್ದೆಯಲ್ಲಾದರೋ ಎರಡು ತಾಸಿನಲ್ಲಿ ಹೊಟ್ಟೆ ತುಂಬುತ್ತದೆ. ನಮಗೆ ಹತ್ತರದ ಅಂಗಡಿ ಬಿಟ್ಟು ದೂರದ ಪೇಟೆಗೆ ಹೋಗಲು ಮನಸ್ಸಾಗುವದೇ? ಹಾಗೆಯೇ ಕಾಡಿನ ಹುಲ್ಲುಗಾವಲುಗಳಲ್ಲಿ ಕಳೆ ಹಬ್ಬಿದ್ದು, ಗುಡ್ಡಗಳಲ್ಲಿ ಗೇರು-ರಬ್ಬರಿನ ತೋಟಗಳಾದದ್ದು, ಬೇಸಿಗೆಯಲ್ಲಿ ನಾವೇ ಹುಲ್ಲಿಗೆ ಬೆಂಕಿ ಇಡುವದು, ಇವೆಲ್ಲ ಗವಾವನ್ನು ಕೆಳಗೆ ನೂಕುತ್ತವೆ. ಇತ್ತ ಹೊಳೆಯ ದಂಡೆಗುಂಟ ವರ್ಷವಿಡೀ ಹಸಿರಾಗಿರುವ ಕಬ್ಬು ಬಂದಿದೆ. ಕಬ್ಬು ಅದಕ್ಕೆ ಮೇವೂ ಹೌದು, ಅಡಗಲು ಕಾಡೂ ಹೌದು. ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ ಚಿರತೆಗಳು ಕಬ್ಬಿನಲ್ಲಿಯೇ ಮರಿ ಹಾಕುತ್ತವೆ. ಆ ಮರಿಗೆ ಕಬ್ಬೇ ತವರುಮನೆ.

ಎರಡು ಗಂಟೆಯ ರಾತ್ರಿ

ಹೆಚ್ಚಿನ ಅಪಘಾತಗಳಿಗೆ ಕಾರಣ ಪ್ರಾಣಿಯ ದುಷ್ಟತನವಲ್ಲ, ಹೊತ್ತು. ಈ ಪ್ರಾಣಿಗಳು ಹಗಲು ಹೊತ್ತು ಮರೆಯಲ್ಲಿದ್ದು, ಹೊತ್ತು ಮುಳುಗಿದ ಮೇಲೆ ಮೇಯಲು ಇಳಿದು, ಬೆಳಗಾಗುವದರೊಳಗೆ ತಿರುಗುತ್ತವೆ. ಹಿಂದಿನ ಕಾಲದ ಒಕ್ಕಲಿಗನು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದನು. ಹೊಲ ಕಾಯುವವನು ಅಟ್ಟದ ಮೇಲೆ, ಬೆಂಕಿಯ ಹತ್ತರ ಇರುತ್ತಿದ್ದನು. ಈಗ ಕರೆಂಟಿನ ಪಾಳಿ ರಾತ್ರಿ ಬಂತೆಂದರೆ ರೈತನು ಒಬ್ಬನೇ, ಬರಿಗಾಲಲ್ಲಿ, ಕೆಸರಿನಲ್ಲಿ, ಕಬ್ಬಿನ ಸಂದಿಯಲ್ಲಿ ತಿರುಗಬೇಕು. ಪ್ರಾಣಿಯ ಹಗಲಿನಲ್ಲಿ ನಾವು ಕೆಲಸಕ್ಕೆ ಹೊರಟಂತಾಯಿತು. ಹಾವಿನ ಭಯ ಬೇರೆ. ಹೊಲಕ್ಕೆ ರಾತ್ರಿ ಬೂಟು ಹಾಕಿಕೊಂಡು ಹೋಗಿರೆಂದು ಈ ಪುಟದಲ್ಲಿ ಎಷ್ಟು ಸಲ ಬರೆದರೂ ಕಡಿಮೆಯೇ.

ಆದಕಾರಣ ಹಗಲು ಕರೆಂಟು ಬರುವದು ಸುಖದ ಮಾತಷ್ಟೇ ಅಲ್ಲ, ಜೀವದ ಮಾತೂ ಆಗಿದೆ. ಮಹಾರಾಷ್ಟ್ರ ಸರಕಾರವು ‘ಮಾಗೇಲ ತ್ಯಾಲಾ ಸೌರ ಕೃಷಿಪಂಪ’ ಎಂಬ ಯೋಜನೆಯಲ್ಲಿ ಬಿಸಿಲಿನಿಂದ ನಡೆಯುವ ಪಂಪು ಕೊಡುತ್ತದೆ. ಸಾಮಾನ್ಯ ರೈತನು ಬೆಲೆಯ ನೂರಕ್ಕೆ ಹತ್ತು ಭಾಗ, ಪರಿಶಿಷ್ಟ ಜಾತಿ ಜಮಾತಿನವರು ನೂರಕ್ಕೆ ಐದು ಭಾಗ ತುಂಬಿದರೆ ಸಾಕು. ಉಳಿದದ್ದನ್ನು ಸರಕಾರ ಭರಿಸುತ್ತದೆ. ಬಿಸಿಲಿನ ಪಂಪು ರಾತ್ರಿ ನಡೆಯುವದಿಲ್ಲವೆಂದು ಕೆಲವರು ಅದನ್ನು ಕುಂದೆಂದು ಎಣಿಸುತ್ತಾರೆ. ನಾನು ಅದನ್ನೇ ಅದರ ಗುಣವೆಂದು ಎಣಿಸುತ್ತೇನೆ. ನನ್ನ ಅರ್ಜಿ ಕೊಟ್ಟಿದ್ದೇನೆ.

ಅಲ್ಲಿಯವರೆಗೆ ರಾತ್ರಿ ನೀರು ಬಿಡುವದು ತಪ್ಪದು. ಹಾಗಿರುವಾಗ ಇಬ್ಬರು ಕೂಡಿ ಹೋಗಬೇಕು. ನೆರೆಹೊಲದವನ ಸಂಗಡ ಪಾಳಿ ಮಾಡಿಕೊಂಡರೆ ಇಬ್ಬರ ನೀರೂ ಆಗುತ್ತದೆ, ಒಬ್ಬನಿಗೊಬ್ಬ ಜೊತೆಯೂ ಆಗುತ್ತದೆ. ಹೊಲದ ಅಂಚಿಗೆ ಹೋದಾಗ ಒಳಗೆ ನುಗ್ಗುವ ಮೊದಲು ನಿಂತು, ನಾಲ್ಕು ಮಾತು ಜೋರಾಗಿ ಆಡಬೇಕು ಇಲ್ಲವೆ ಕೆಮ್ಮಬೇಕು. ಬ್ಯಾಟರಿಯನ್ನು ಕಾಲ ಮುಂದೆ ಮಾತ್ರ ಬಿಡದೆ ಸುತ್ತಲೂ ಒಮ್ಮೆ ತಿರುಗಿಸಿ, ಹೊಳೆಯುವ ಕಣ್ಣುಗಳಿವೆಯೋ ನೋಡಬೇಕು. ಗರಿ ಮುರಿಯುವ ಸಪ್ಪಳ, ಬಿಸಿ ಸಗಣಿ, ಕೊಟ್ಟಿಗೆಯ ವಾಸನೆ ಇವು ಕಂಡರೆ ಅಂದಿನ ನೀರು ಬಿಟ್ಟರೂ ಕಬ್ಬು ಸಾಯುವದಿಲ್ಲ. ಹಾಡಿನ ಯಂತ್ರವನ್ನು ಕಿವಿಯೊಳಗೆ ಚುಚ್ಚಿಕೊಂಡು ಹೋಗುವ ಹುಡುಗರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಕಬ್ಬು ಕಡಿಯುವಾಗ ಇನ್ನೊಂದು ಎಚ್ಚರ. ತೋಡಣಿಯವರು ನಾಲ್ಕೂ ಬದಿಯಿಂದ ಕಡಿಯುತ್ತ ನಡುವಿಗೆ ಬಂದರೆ, ಒಳಗಿದ್ದ ಹಂದಿಯೋ ಗವಾವೋ ಚಿರತೆಯೋ ಕೊನೆಗೆ ಜನರ ಮೇಲೆಯೇ ಹಾಯಬೇಕಾಗುತ್ತದೆ. ಊರಿನ ಬದಿಯಿಂದ ಹಿಡಿದು ಗುಡ್ಡದ ಬದಿಗೆ ಒಂದೇ ದಿಕ್ಕಿನಲ್ಲಿ ಕಡಿಯುತ್ತ ಹೋದರೆ ಅದಕ್ಕೆ ಹೊರಡಲು ಹಾದಿ ಇರುತ್ತದೆ. ತೋಡಣಿಯ ಜನರು ಕೂಸುಗಳನ್ನು ಕಬ್ಬಿನ ಅಂಚಿಗೆ ಮಲಗಿಸುವದನ್ನು ನಾನು ನೋಡಿದ್ದೇನೆ. ಗದ್ದೆಯ ಯಜಮಾನನೇ ಮುಂದಾಗಿ ಅವರಿಗೆ ಬಯಲಿನಲ್ಲಿ ನೆರಳು ಮಾಡಿಕೊಡಬೇಕು.

ಎದುರಾದಾಗ

ಗವಾ ಎದುರಾದರೆ ಮಾಡತಕ್ಕದ್ದನ್ನು ಕಾಕಾ ನನಗೆ ಆ ರಾತ್ರಿ ಮೂರು ಮಾತಿನಲ್ಲಿ ಹೇಳಿದನು. ಅದರ ವಿವರಣೆ ಇಷ್ಟು. ಅಡ್ಡ ತಿರುಗಿ ನಿಲ್ಲುವದು ಅದು ತನ್ನ ಮೈಯ ದೊಡ್ಡಸ್ತಿಕೆ ತೋರಿಸುವ ರೀತಿ. ‘ನೋಡು ನಾನೆಷ್ಟಿದ್ದೇನೆ, ಹೋಗು’ ಎಂದಂತೆ. ಗಂಡು ಗಂಡುಗಳು ಕೂಡ ಬಹುತರ ಹೀಗೆ ನಿಂತೇ ತಮ್ಮ ಜಗಳ ಮುಗಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ನಮಗೆ ವೇಳೆಯಿದೆ. ತಲೆ ತಗ್ಗಿಸಿ ನಮ್ಮ ಕಡೆಗೇ ಮುಖ ಮಾಡಿ ಬುಸುಗುಟ್ಟಿದರೆ ವೇಳೆ ಮುಗಿಯುತ್ತ ಬಂದಿತೆಂದು ತಿಳಿಯಬೇಕು. ಕಣ್ಣಿಗೆ ಬೆಳಕು ಹಿಡಿದರೆ ಅದಕ್ಕೆ ಹಾದಿ ಕಾಣದೆ ಗಾಬರಿಯಾಗುತ್ತದೆ. ಓಡಿದರೆ ಅಟ್ಟಿಸುವ ಬುದ್ಧಿ ಬರುತ್ತದೆ, ಮತ್ತು ಓಟದಲ್ಲಿ ನಾವು ಗೆಲ್ಲುವ ಮಾತೇ ಇಲ್ಲ. ಮೆಲ್ಲಗೆ ಹಿಂದಕ್ಕೂ ಪಕ್ಕಕ್ಕೂ ಸರಿದು, ನಡುವೆ ಮರ, ಬಾವಿಯ ಕಟ್ಟೆ, ಬಂಡಿ, ಯಾವದಾದರೂ ಅಡ್ಡ ಬರುವಂತೆ ಮಾಡಿಕೊಂಡು, ಅದರ ಹಾದಿ ಬಿಡಬೇಕು. ಕಲ್ಲು ಒಗೆಯಬಾರದು. ಎಲ್ಲಕ್ಕೂ ಮುಖ್ಯ, ನಾಯಿಯನ್ನು ಛೂ ಬಿಡಬಾರದು. ನಾಯಿಯು ಬೊಗಳುತ್ತ ಹೋಗಿ, ಪ್ರಾಣಿಯು ತಿರುಗಿ ಬಿದ್ದಾಗ ಓಡಿ ಬರುವದು ಧಣಿಯ ಕಾಲ ಸಂದಿಗೇ.

ಆನೆಯಲ್ಲಿ ಈ ಸಲಹೆಯೆಲ್ಲ ಇಷ್ಟು ಹತ್ತರಕ್ಕೆ ನಡೆಯುವದಿಲ್ಲ. ಆನೆಯ ವಿಷಯಕ್ಕೆ ಒಂದೇ ಉಪಾಯ, ದೂರ. ಅದು ಕಿವಿ ಅಗಲಿಸಿ, ತಲೆ ಎತ್ತಿ, ಘೀಳಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತರೆ ಬಹುಶಃ ಅದು ಹೆದರಿಕೆ ತೋರಿಸಿದ್ದು. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಗೆ ಸುತ್ತಿ, ಸಪ್ಪಳವಿಲ್ಲದೆ ಬಂದರೆ ಅದು ನಿಜವಾದ ದಾಳಿ. ಕಣ್ಣಿನ ಮತ್ತು ಕಿವಿಯ ನಡುವಿನಿಂದ ಎಣ್ಣೆಯಂಥ ರಸ ಇಳಿಯುತ್ತಿದ್ದರೆ ಸಲಗಕ್ಕೆ ಮದ ಬಂದಿದೆಯೆಂದು ಅರ್ಥ. ಆಗ ಅದರ ಊರಿನ ಕಡೆಗೇ ಹೋಗಬಾರದು. ಒಂದು ಹಿಡಿ ಧೂಳು ತೂರಿ ಗಾಳಿಯ ದಿಕ್ಕು ನೋಡಿ, ನಮ್ಮ ವಾಸನೆ ಅದಕ್ಕೆ ಹೋಗದ ಕಡೆಯಿಂದ ಸರಿಯಬೇಕು. ಕರಡಿಯ ಮಾತು ಚಿಕ್ಕದು. ಅದು ನೆಲ ಕೆದರುವಾಗ ಏನೂ ಕೇಳುವದಿಲ್ಲ, ಆದ್ದರಿಂದ ಜೇನಿಗೆ, ಕಟ್ಟಿಗೆಗೆ ಕಾಡಿಗೆ ಹೋಗುವವರು ಮಾತಾಡುತ್ತ ಹೋಗಬೇಕು.

ತಿಲಾರಿ, ಆಂಬೋಲಿಯ ಹಾದಿಯಲ್ಲಿ ರಾತ್ರಿ ಮೋಟಾರುಸೈಕಲ್ಲಿನ ಮೇಲೆ ಹೋಗುವವರು ಒಂದು ಗವಾ ದಾಟಿತೆಂದು ಒಮ್ಮೆಲೇ ಗಾಡಿ ಬಿಡಬಾರದು. ಹಿಂದೆ ಹಿಂಡು ಇರಬಹುದು. ದೂರ ನಿಲ್ಲಿಸಿ, ದೀಪ ತಗ್ಗಿಸಿ, ಹಾರ್ನ ಬಾರಿಸದೆ ಕಾಯಬೇಕು.

ಜಾತ್ರೆ ಕೂಡಿದರೆ

ಎರಡು ಸಂಗತಿಗಳನ್ನು ಹೇಳದೆ ಮುಂದೆ ಹೋಗಲಾರೆನು. ೨೦೨೦ರ ಡಿಸೆಂಬರ ೯ರಂದು ಪುಣೆಯ ಕೋಥರೂಡದಲ್ಲಿ ಗವಾ ಒಂದು ಮುಂಜಾನೆ ಓಣಿಯೊಳಗೆ ಬಂದಿತು. ನೋಡಲಿಕ್ಕೆ ಜನ ಸೇರಿತು, ಬೆನ್ನಟ್ಟಿತು, ಅದು ಗೋಡೆ-ಗೇಟುಗಳಿಗೆ ಬಡಿದುಕೊಂಡು ಗಂಟೆಗಟ್ಟಲೆ ಓಡಿತು. ಕೊನೆಗೆ ಮದ್ದಿನ ಸೂಜಿ ಹೊಡೆದು ಹಿಡಿದರು. ಅಷ್ಟರಲ್ಲಿ ಅದರ ಶಕ್ತಿಯೆಲ್ಲ ತೀರಿತ್ತು, ಸತ್ತು ಹೋಯಿತು. ಮರುವರ್ಷ, ೨೦೨೧ರ ಡಿಸೆಂಬರದಲ್ಲಿ, ನಮ್ಮ ಕೊಲ್ಹಾಪುರ ಶಹರದ ಹತ್ತರ ಪಂಚಗಂಗೆಯ ದಂಡೆಗೆ ಗವಾ ಬಂದು ಕೆಲವು ದಿನ ಕಬ್ಬಿನಲ್ಲಿ ತಿರುಗಿತು. ಭುಯೇ ಊರಿನ ಬದಿಯಲ್ಲಿ ಅದರ ದಾಳಿಗೆ ಸಿಕ್ಕು ಒಬ್ಬ ತರುಣನು ಜೀವ ಕಳೆದುಕೊಂಡನು.

ಒಂದು ಕಡೆ ಪ್ರಾಣಿ ಸತ್ತಿತು, ಇನ್ನೊಂದು ಕಡೆ ಮನುಷ್ಯನು ಸತ್ತನು. ಗವಾದಂಥ ದೊಡ್ಡ ಪ್ರಾಣಿಯ ಮೈ ಓಡಿದಷ್ಟೂ ಕಾಯುತ್ತದೆ, ಬೆದರಿ ಓಡಿದ ಎತ್ತು ಬಿಸಿಲಿಗೆ ಬಿದ್ದಂತೆ ಬೀಳುತ್ತದೆ. ಬೆದರಿದಾಗ ಎದುರಿಗೆ ಯಾರಿದ್ದಾರೆಂದು ನೋಡುವದಿಲ್ಲ. ಊರಿಗೆ ಪ್ರಾಣಿ ಬಂತೆಂದರೆ ಮಾಡತಕ್ಕ ಮೊದಲ ಕೆಲಸ ಮಕ್ಕಳನ್ನು ಮನೆಯೊಳಗೆ ಕೂಡ್ರಿಸಿ, ದನಗಳನ್ನು ಕಟ್ಟಿ, ಗುಡ್ಡದ ಕಡೆಯ ಹಾದಿಯಲ್ಲಿ ಒಬ್ಬರೂ ಇರದಂತೆ ತೆರವು ಮಾಡುವದು. ಮಹಾರಾಷ್ಟ್ರದ ಅರಣ್ಯ ಖಾತೆಗೆ ೧೯೨೬ ಎಂಬ ಫೋನಿನ ನಂಬರಿದೆ, ಹಣ ಬೀಳುವದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯುವ ಮೊದಲು ಆ ನಂಬರಿಗೆ ಫೋನು ಮಾಡಿರಿ. ನಮ್ಮ ಶಾಲೆಯ ಹಲಗೆಯ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ತಂತಿಯ ಮಾತು

ಬೇಲಿಗೆ ನೇರವಾಗಿ ಕರೆಂಟು ಹರಿಸುವವರು ಇನ್ನೂ ಇದ್ದಾರೆ. ಹಂದಿಗೆಂದು ಹಾಕಿದ ತಂತಿ ರಾತ್ರಿ ನೀರಿಗೆ ಬಂದ ನೆರೆಯವನನ್ನು ಕೇಳಿ ಹಿಡಿಯುವದಿಲ್ಲ. ಮೇಲಾಗಿ ಆನೆ, ಗವಾ ಇವೆರಡೂ ೧೯೭೨ರ ವನ್ಯಜೀವಿ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಇರುವಂಥವು. ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆಮನೆ. ಬಿಸಿಲಿನ ಬ್ಯಾಟರಿಯ ಬೇಲಿ ಬೇರೆ. ಅದರಲ್ಲಿ ಕರೆಂಟು ಎಡೆಬಿಡದೆ ಹರಿಯದೆ ಕ್ಷಣಕ್ಕೊಮ್ಮೆ ಮಿಡಿಯುತ್ತದೆ. ತಾಗಿದವನು ಹಿಂದಕ್ಕೆ ಸರಿಯುತ್ತಾನೆ, ಅಂಟಿಕೊಳ್ಳುವದಿಲ್ಲ. ಆದರೆ ಬೇಲಿಯ ಕೆಳಗಿನ ಹುಲ್ಲನ್ನು ಸವರದಿದ್ದರೆ ಅದರ ಬಲವೆಲ್ಲ ನೆಲಕ್ಕೆ ಹೋಗುತ್ತದೆ. ಸರಕಾರದ ಹಣದಲ್ಲಿ ಬಂದ ಎಷ್ಟೋ ಬೇಲಿಗಳು ಈ ಒಂದು ಕಾರಣದಿಂದ ಬಟ್ಟೆ ಒಣಗಿಸುವ ಹಗ್ಗಗಳಾಗಿವೆ. ಕೊಡಗಿನ ಚೇಲೂರಿನಲ್ಲಿ ೨೦೨೧ರಿಂದ ಖಾದಿ ಮಂಡಳವು ಆನೆಯ ಹಾದಿಗೆ ಜೇನುಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ನೋಡಿತು. ಆನೆಗೆ ಜೇನುಹುಳದ ಭಯ ಬಹಳ. ನಮ್ಮಲ್ಲಿ ಗೇರಿನ ಹೂವು ಇರುವ ಊರುಗಳವರು ಇದನ್ನು ಪರೀಕ್ಷಿಸಿ ನೋಡಬಹುದು. ಜೇನು ಸಿಕ್ಕರೂ ಲಾಭವೇ.

ಒಕ್ಕಲುತನದ ಪುಟವಾದ್ದರಿಂದ ದನದ ಮಾತು ಒಂದು. ಗವಾ ನಮ್ಮ ಆಕಳಿನ ಕುಲದ್ದಾದ್ದರಿಂದ ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ. ೧೯೬೮ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ದೊಡ್ಡರೋಗ ಬಿದ್ದು ಗವಾಗಳು ಲೆಕ್ಕವಿಲ್ಲದೆ ಸತ್ತವು. ಆ ರೋಗವು ಈಗ ಜಗತ್ತಿನಿಂದಲೇ ಹೋಗಿದೆ, ೨೦೧೧ರಲ್ಲಿ ಹಾಗೆ ಸಾರಿದರು. ಆದರೆ ಕಾಲುಬಾಯಿ ಜ್ವರ ಹೋಗಿಲ್ಲ. ಗುಡ್ಡಕ್ಕೆ ಮೇಯಲು ಬಿಡುವ ದನಗಳಿಗೆ ವರ್ಷಕ್ಕೆ ಎರಡು ಸಲ ಲಸಿಕೆ ತಪ್ಪದೆ ಹಾಕಿಸಿರಿ.

ಅರ್ಜಿ

ಗಡಿಯ ಈಚೆಗಿರುವ ಕನ್ನಡದವರಾದ ನಾವು ಹೆಚ್ಚಾಗಿ ಸೋಲುವದು ಇಲ್ಲಿ. ಬೆಳೆ ಹಾನಿಯಾದರೆ ಮೂರು ದಿವಸದೊಳಗೆ ಹತ್ತರದ ಅರಣ್ಯ ಖಾತೆಯವರಿಗೆ ಅರ್ಜಿ ಮುಟ್ಟಿಸಬೇಕು. ದನ ಸತ್ತರೆ ನಾಲ್ವತ್ತೆಂಟು ತಾಸಿನೊಳಗೆ ತಿಳಿಸಬೇಕು, ಮತ್ತು ಪಂಚನಾಮೆ ಆಗುವವರೆಗೆ ಹೆಣವನ್ನು ಅಲ್ಲಿಂದ ಕದಲಿಸಬಾರದು. ಮನುಷ್ಯನು ಮರಣ ಹೊಂದಿದರೆ ಮನೆಯವರಿಗೆ ಇಪ್ಪತ್ತೈದು ಲಕ್ಷ ರೂಪಾಯಿ ಕೊಡಬೇಕೆಂದು ಮಹಾರಾಷ್ಟ್ರ ಸರಕಾರವು ೨೦೨೩ರಲ್ಲಿ ಗೊತ್ತುಪಡಿಸಿದೆ. ಅರ್ಜಿಯ ಸಂಗಡ ಹೊಲದ ಸಾತಬಾರಾ ಉತಾರ, ಆಧಾರ ಕಾರ್ಡು, ಬ್ಯಾಂಕಿನ ಪಾಸಬುಕ್ಕಿನ ಮೊದಲ ಪುಟ, ಹಾನಿಯ ಚಿತ್ರಗಳು ಬೇಕು. ಹೆಜ್ಜೆಯ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಬೆಂಕಿಪೆಟ್ಟಿಗೆ ಇಡಿರಿ, ಅಳತೆ ತಿಳಿಯುತ್ತದೆ. ಪಂಚನಾಮೆಗೆ ಮೊದಲು ಮುರಿದ ಕಬ್ಬನ್ನು ತೆಗೆದು ದನಕ್ಕೆ ಹಾಕಬೇಡಿರಿ. ಅತಿಕ್ರಮಣ ಮಾಡಿದ ಅರಣ್ಯ ಭೂಮಿಯಲ್ಲಿಯ ಬೆಳೆಗೆ ಪರಿಹಾರ ಸಿಗುವದಿಲ್ಲ.

ಅರ್ಜಿಯು ಮರಾಠಿಯಲ್ಲಿರುವದು. ನಮ್ಮ ಮುದುಕರಿಗೆ ಓದಲು ಬಾರದು, ಕೇಳಲು ಸಂಕೋಚ. ಹುಡುಗರಿಗೆ ಓದಲು ಬರುತ್ತದೆ, ವೇಳೆ ಇಲ್ಲ. ಮೂರು ದಿವಸ ಹೀಗೆಯೇ ಹೋಗುತ್ತವೆ. ನನ್ನದೂ ಹೋಯಿತು. ಆ ರಾತ್ರಿ ನನ್ನ ಕಬ್ಬು ಮೂರು ಗುಂಟೆಯಷ್ಟು ಹಾಳಾಗಿತ್ತು. ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು, ನಾಳೆ ನೋಡೋಣ ಎಂದು ನಾನೇ ತಡ ಮಾಡಿ ನಾಲ್ಕನೆಯ ದಿವಸ ಹೋದೆನು. ತೆಗೆದುಕೊಳ್ಳಲಿಲ್ಲ. ಅದೇ ವಾರ ಕಾಕಾನ ಭತ್ತವನ್ನೂ ಗವಾ ತುಳಿದಿತ್ತು. ಅವನು ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಅವಳ ಕೈಯಿಂದ ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ ಬಂದಿದ್ದನು. ಅವಳು ಆರನೆಯ ಇಯತ್ತೆಯಲ್ಲಿ ನನ್ನ ಶಿಷ್ಯಳು.

ಈಗ ತುಂಬಿದ ಅರ್ಜಿಯ ಒಂದು ಮಾದರಿಯನ್ನು ಮರಾಠಿಯಲ್ಲಿ ಬರೆದು, ಪ್ರತಿ ಸಾಲಿನ ಕೆಳಗೆ ಕನ್ನಡದಲ್ಲಿ ಅರ್ಥ ಬರೆದು ಶಾಲೆಯಲ್ಲಿ ಇಟ್ಟಿದ್ದೇನೆ. ಬೇಕಾದವರು ಶಾಲೆ ಬಿಟ್ಟ ಮೇಲೆ ಬಂದರೆ ನಾನೂ ಸಿಗುತ್ತೇನೆ. ರಾತ್ರಿಯ ಪಾಳಿ ಇದ್ದ ವಾರದಲ್ಲಿ ಮಾತ್ರ ಸಾಯಂಕಾಲ ಬೇಗ ಬರಬೇಕು. ಕಾಕಾ ಮತ್ತು ನಾನು ಒಂಬತ್ತಕ್ಕೆಲ್ಲ ಕೂಡಿಯೇ ಹೊಲಕ್ಕೆ ಹೊರಡುತ್ತೇವೆ.